ದಿಂಬು: ಭೋಗವೋ ಉಪಕರಣವೋ

ನಿದ್ದೆಯ ವಿಷಯದಲ್ಲಿ ವಿರಕ್ತ ಧರ್ಮಗಳು ಬಲು ಕಟ್ಟುನಿಟ್ಟು. ದಿಗಂಬರ ಜೈನ ಮುನಿಯ 28 ಮೂಲಗುಣಗಳಲ್ಲಿ ಭೂಶಯನವೂ ಒಂದು. ಬರಿ ನೆಲ, ಕಲ್ಲು, ಹಲಗೆ, ಹೆಚ್ಚೆಂದರೆ ಒಣಹುಲ್ಲು, ಇಷ್ಟೇ ಅವನ ಹಾಸಿಗೆ. ಬೌದ್ಧ ಗೃಹಸ್ಥರು ಉಪೋಸಥದ ದಿನ ತೊಡುವ ಎಂಟು ಶೀಲಗಳಲ್ಲಿ ಕೊನೆಯದು ಎತ್ತರದ, ವಿಲಾಸದ ಹಾಸಿಗೆಯನ್ನು ಬಿಡುವುದು. ಹೀಗೆ ವ್ರತ ತೊಟ್ಟವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಬಂದು, ವೈದ್ಯರು ಓರೆ ದಿಂಬನ್ನೋ ಗಾಳಿ ಒತ್ತುವ ಯಂತ್ರವನ್ನೋ ಸೂಚಿಸಿದರೆ, ಅದನ್ನು ಬಳಸುವುದು ವ್ರತಭಂಗವೇ? ಸಣ್ಣದಾಗಿ ಕಾಣುವ ಈ ಪ್ರಶ್ನೆಯ ಹಿಂದೆ ದೇಹಕ್ಕೂ ತ್ಯಾಗಕ್ಕೂ ಇರುವ ಸಂಬಂಧವೇ ನಿಂತಿದೆ.

ಮೊದಲು ಕಾಯಿಲೆಯ ಸ್ವರೂಪ. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಅಂಗಾತ ಮಲಗಿದಾಗ ನಾಲಿಗೆಯ ಬುಡ ಹಿಂದಕ್ಕೆ ಜಾರಿ ಉಸಿರಿನ ದಾರಿ ಕಿರಿದಾಗುತ್ತದೆ. ಆ ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗಿ ಮೃದು ಅಂಗುಳವನ್ನು ಅದುರಿಸಿದರೆ ಗೊರಕೆ. ದಾರಿ ಮುಚ್ಚಿಹೋಗಿ 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ನಿಂತರೆ ಅದು ಸ್ಲೀಪ್ ಆಪ್ನಿಯಾ. ಗಂಟೆಗೆ ಇಂಥ ಅಡಚಣೆ 5ರಿಂದ 15 ಇದ್ದರೆ ಸೌಮ್ಯ, 30 ದಾಟಿದರೆ ತೀವ್ರ ಎಂದು ವೈದ್ಯರು ಎಣಿಸುತ್ತಾರೆ. ಪ್ರತಿ ಸಲವೂ ಮಿದುಳು ಅರೆ ಎಚ್ಚರಗೊಂಡು ಉಸಿರನ್ನು ಮತ್ತೆ ಎಳೆಸುತ್ತದೆ. ಮಲಗಿದವನಿಗೆ ಅದರ ನೆನಪೇ ಇರುವುದಿಲ್ಲ. ರಕ್ತದೊತ್ತಡ ಏರುತ್ತದೆ, ಹಗಲಲ್ಲಿ ತೂಕಡಿಕೆ ಬರುತ್ತದೆ, ಹೃದಯ ದಣಿಯುತ್ತದೆ. ಇದನ್ನು ಬರಿಯ ಗೊರಕೆಯೆಂದು ತಳ್ಳಿಹಾಕುವಂತಿಲ್ಲ.

ಇದಕ್ಕಿರುವ ಸಾಧನಗಳು ಹಲವು. ತಲೆಯನ್ನಷ್ಟೇ ಎತ್ತುವ ದಪ್ಪ ದಿಂಬು ಗದ್ದವನ್ನು ಎದೆಗೆ ಒತ್ತಿಸಿ ಗಂಟಲನ್ನು ಇನ್ನಷ್ಟು ಕಿರಿದು ಮಾಡೀತು. ಅದರ ಬದಲು ಸೊಂಟದಿಂದ ಮೇಲ್ಭಾಗವನ್ನೆಲ್ಲ ಇಳಿಜಾರಾಗಿ ಎತ್ತುವ ಓರೆ ದಿಂಬು ಮೇಲು. ಮಗ್ಗುಲಾಗಿ ಮಲಗುವವರಿಗೆ ಕಿವಿಗೂ ಹೆಗಲಿನ ಅಂಚಿಗೂ ನಡುವಿನ ಎಡೆ ತುಂಬುವಷ್ಟು ಎತ್ತರವಿದ್ದರೆ ಸಾಕು. ಅಂಗಾತ ಹೊರಳದಂತೆ ಬೆನ್ನಿಗೆ ಆನಿಸುವ ದಿಂಬುಗಳೂ, ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ದಂತಸಾಧನಗಳೂ ಇವೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ 1981ರಲ್ಲಿ ಮೊದಲು ವರದಿ ಮಾಡಿದ ಸಿಪ್ಯಾಪ್ ಯಂತ್ರ ಮುಖವಾಡದ ಮೂಲಕ ಗಾಳಿಯನ್ನು ಒತ್ತಿ ಗಂಟಲನ್ನು ತೆರೆದಿಡುತ್ತದೆ. ತೀವ್ರ ಆಪ್ನಿಯಾಕ್ಕೆ ಇಂದಿಗೂ ಮುಖ್ಯ ಚಿಕಿತ್ಸೆ ಇದೇ. ದಿಂಬಿನಿಂದ ತೀವ್ರ ಆಪ್ನಿಯಾ ವಾಸಿಯಾಗುವುದಿಲ್ಲ.

ದಿಂಬಿನ ಪ್ರಶ್ನೆಯನ್ನು ಬೌದ್ಧ ವಿನಯಪಿಟಕ ನೇರವಾಗಿಯೇ ಕೈಗೆತ್ತಿಕೊಂಡಿದೆ. ಹತ್ತಿ ತುಂಬಿದ ಹಾಸಿಗೆ ಭಿಕ್ಷುವಿಗೆ ನಿಷಿದ್ಧ. ಆದರೆ ಆ ಹತ್ತಿಯನ್ನು ಬಿಡಿಸಿ ದಿಂಬು ಮಾಡಿಕೊಳ್ಳಲು ಚುಲ್ಲವಗ್ಗ ಅನುಮತಿ ಕೊಡುತ್ತದೆ. ಮರದ, ಬಳ್ಳಿಯ, ಹುಲ್ಲಿನ ಹತ್ತಿ ಮೂರಕ್ಕೂ ಅಲ್ಲಿ ಒಪ್ಪಿಗೆಯಿದೆ. ಮುಂದೆ ಕೆಲವು ಭಿಕ್ಷುಗಳು ಅರ್ಧ ಮೈಯಷ್ಟು ಉದ್ದದ ದಿಂಬುಗಳನ್ನು ಇಟ್ಟುಕೊಂಡಾಗ, ಇವರೂ ಭೋಗಿಗಳಾದ ಗೃಹಸ್ಥರಂತೆಯೇ ಎಂದು ಜನ ಆಡಿಕೊಂಡರು. ಆಗ ಬುದ್ಧ ದಿಂಬನ್ನು ಪೂರ್ತಿ ನಿಷೇಧಿಸಲಿಲ್ಲ, ತಲೆಯ ಅಳತೆಗೆ ಮಿತಿಗೊಳಿಸಿದ. ಈ ತೀರ್ಪಿನ ವಿವೇಕ ದೊಡ್ಡದು. ವಸ್ತು ಯಾವುದು ಎಂಬುದಕ್ಕಿಂತ ಅದು ಯಾವ ಅಗತ್ಯಕ್ಕೆ ಎಷ್ಟು ಬೇಕು ಎಂಬುದು ಇಲ್ಲಿ ಅಳತೆಗೋಲು. ರೋಗಿಗಳಿಗೆಂದು ವಿನಯದ ನಿಯಮಗಳು ಹೆಜ್ಜೆಹೆಜ್ಜೆಗೂ ಸಡಿಲವಾಗುತ್ತವೆ. ಹೊಟ್ಟೆಯ ಬೇನೆಯಿಂದ ಬಿದ್ದಿದ್ದ ಭಿಕ್ಷುವನ್ನು ಬುದ್ಧ ತಾನೇ ತೊಳೆದು ಆರೈಕೆ ಮಾಡಿದ ಪ್ರಸಂಗ ಮಹಾವಗ್ಗದಲ್ಲಿದೆ. ಈ ದಾರಿಯಲ್ಲಿ ಯೋಚಿಸಿದರೆ ಓರೆ ದಿಂಬಿಗಾಗಲಿ ಯಂತ್ರಕ್ಕಾಗಲಿ ಭಿಕ್ಷು ಅಳುಕಬೇಕಿಲ್ಲ.

ಜೈನರಲ್ಲಿ ಪ್ರಶ್ನೆ ಇನ್ನೂ ಬಿಗಿ. ಶ್ರವಣಬೆಳಗೊಳಕ್ಕೆ ಹೋದವರು ಕಂಡಿರುವಂತೆ ದಿಗಂಬರ ಮುನಿಯ ಬಳಿ ಇರುವುದು ನವಿಲುಗರಿಯ ಪಿಂಛಿ, ನೀರಿನ ಕಮಂಡಲು, ಶಾಸ್ತ್ರ ಇಷ್ಟೇ. ಇವು ಪರಿಗ್ರಹವಲ್ಲ, ಉಪಕರಣ: ಪಿಂಛಿ ಸಂಯಮಕ್ಕೆ, ಕಮಂಡಲು ಶೌಚಕ್ಕೆ, ಶಾಸ್ತ್ರ ಜ್ಞಾನಕ್ಕೆ. ತತ್ತ್ವಾರ್ಥಸೂತ್ರವಂತೂ ಮೋಹವೇ ಪರಿಗ್ರಹ ಎನ್ನುತ್ತದೆ. ಹಾಗಾದರೆ ಮೋಹವಿಲ್ಲದೆ ಇಟ್ಟುಕೊಂಡ ಯಂತ್ರವೂ ಉಪಕರಣವೇ ಆಗಬಾರದೇಕೆ? ಇದೇ ತರ್ಕದಿಂದ ಶ್ವೇತಾಂಬರರು ವಸ್ತ್ರವನ್ನೂ ಪಾತ್ರೆಯನ್ನೂ ಸಂಯಮದ ಸಾಧನಗಳೆಂದು ಒಪ್ಪಿದರು. ದಿಗಂಬರರು ಒಪ್ಪಲಿಲ್ಲ, ವಸ್ತ್ರವನ್ನು ಹಿಡಿದುಕೊಂಡಿರುವುದೇ ಮೋಹದ ಗುರುತು ಎಂಬುದು ಅವರ ನಿಲುವು. ವಸ್ತ್ರಕ್ಕೆ ಸಲ್ಲದ ವಿನಾಯಿತಿ ಯಂತ್ರಕ್ಕೆ ಸಲ್ಲುವುದು ಕಷ್ಟ. ಬರಿಗಾಲಲ್ಲಿ ವಿಹಾರ ಮಾಡುವ ಮುನಿಗೆ ಅದನ್ನು ಹೊತ್ತು ತಿರುಗಲಾಗದು. ಅಗ್ನಿಕಾಯ ಜೀವಗಳ ಹಿಂಸೆಯೆಂದು ವಿದ್ಯುತ್ತನ್ನು ಬಿಟ್ಟಿರುವ ಸಾಧುಗಳಿಗೆ ಇನ್ನೊಂದು ತೊಡಕು. ಮುನಿ ಯಂತ್ರವನ್ನು ನಿರಾಕರಿಸಿದರೆ ಅದು ಅಜ್ಞಾನವಲ್ಲ, ತಾನು ತೊಟ್ಟ ವ್ರತದ ತುದಿಯವರೆಗೂ ನಡೆಯುವುದು. ಆ ನಿಷ್ಠೆಗೆ ಗೌರವ ಸಲ್ಲಬೇಕು.

ಅದೇ ಪರಂಪರೆ ಕೊಡುವ ಒಂದು ಅನುಕೂಲವೂ ಇದೆ. ಮುನಿ ಕೋಲಿನಂತೆ ನೆಟ್ಟಗೆ ಅಥವಾ ಬಿಲ್ಲಿನಂತೆ ಬಾಗಿ, ಒಂದೇ ಮಗ್ಗುಲಲ್ಲಿ ಮಲಗಬೇಕೆಂದು ದಿಗಂಬರರ ಆಚಾರಗ್ರಂಥ ಮೂಲಾಚಾರ ವಿಧಿಸುತ್ತದೆ. ಬೌದ್ಧರ ಸಿಂಹಶಯ್ಯೆಯೂ ಬಲಮಗ್ಗುಲಿನದು. ಆಪ್ನಿಯಾ ಇರುವ ಅನೇಕರಲ್ಲಿ ಅಂಗಾತ ಮಲಗಿದಾಗಿನ ಅಡಚಣೆ ಮಗ್ಗುಲಾದಾಗ ಅರ್ಧಕ್ಕೋ ಇನ್ನೂ ಕೆಳಕ್ಕೋ ಇಳಿಯುತ್ತದೆ. ಹಾಗೆಂದು ಪ್ರಾಚೀನರಿಗೆ ಈ ರೋಗ ತಿಳಿದಿತ್ತೆಂದು ಹೇಳಹೊರಡುವುದು ತಪ್ಪು. ಅವರ ಗುರಿ ಎಚ್ಚರ ಮತ್ತು ಸಂಯಮ. ಗಂಟಲಿಗಾದ ಲಾಭ ಆಕಸ್ಮಿಕ. ಆದರೂ ಯಂತ್ರ ಮುಟ್ಟದ ಸಾಧಕನಿಗೆ ಈ ವಿಧಿಯನ್ನು ನಿಷ್ಠೆಯಿಂದ ಪಾಲಿಸುವುದೇ ಒಂದು ಚಿಕಿತ್ಸೆ.

ವೈದಿಕ ಪರಂಪರೆಯಲ್ಲಿ ಇಕ್ಕಟ್ಟು ಕಡಿಮೆ. ಗೀತೆಯ ಆರನೆಯ ಅಧ್ಯಾಯ ಅತಿಯಾಗಿ ಮಲಗುವವನಿಗೂ ಮಲಗದೆಯೇ ಇರುವವನಿಗೂ ಯೋಗ ದಕ್ಕದೆನ್ನುತ್ತದೆ. ಚರಕನು ಆಹಾರ, ನಿದ್ರೆ, ಬ್ರಹ್ಮಚರ್ಯ ಮೂರನ್ನೂ ಶರೀರದ ಆಧಾರಸ್ತಂಭಗಳೆಂದು ಎಣಿಸಿದ್ದಾನೆ. ವಿದ್ಯುತ್ತಿನ ತೊಡಕು ಯೆಹೂದಿ ಧರ್ಮಶಾಸ್ತ್ರದಲ್ಲೂ ಇದೆ: ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಬೆಂಕಿ ಹೊತ್ತಿಸುವಂತಿಲ್ಲ, ಸಂಪ್ರದಾಯಸ್ಥರು ವಿದ್ಯುತ್ ಗುಂಡಿಯನ್ನೂ ಒತ್ತುವುದಿಲ್ಲ. ಆದರೆ ಪ್ರಾಣರಕ್ಷಣೆ ಸಬ್ಬತ್ತಿನ ನಿಯಮಗಳನ್ನೂ ಮೀರಿದ್ದು ಎಂಬುದು ಅಲ್ಲಿನ ಗಟ್ಟಿ ಸೂತ್ರ.

ಮಹಾವ್ರತ ತೊಡದ ಗೃಹಸ್ಥನಿಗೆ ಮುನಿಯ ನಿಯಮದ ಆಸರೆ ಇಲ್ಲ. ಹೆಂಡತಿ ಮಕ್ಕಳ ಹೊಣೆ ಹೊತ್ತವನು, ರಾತ್ರಿಯಿಡೀ ಉಸಿರು ಕಟ್ಟಿಸಿಕೊಂಡು ಬೆಳಿಗ್ಗೆ ತೂಕಡಿಸುತ್ತ ವಾಹನ ಓಡಿಸುವವನು, ದೇಹವನ್ನು ಕಡೆಗಣಿಸುವುದನ್ನು ವೈರಾಗ್ಯವೆಂದು ಕರೆದರೆ ಅದು ಅಹಿಂಸೆಗೇ ವಿರುದ್ಧ. ಅವನು ಮೊದಲು ನಿದ್ರಾಪರೀಕ್ಷೆ ಮಾಡಿಸಿಕೊಳ್ಳಬೇಕು. ಮದ್ಯವನ್ನೂ, ವೈದ್ಯರ ಮಾತಿಲ್ಲದೆ ನುಂಗುವ ನಿದ್ದೆ ಮಾತ್ರೆಯನ್ನೂ ಬಿಡಬೇಕು. ಎರಡೂ ಗಂಟಲನ್ನು ಇನ್ನಷ್ಟು ಸಡಿಲಿಸುತ್ತವೆ. ತೂಕ ಹೆಚ್ಚಿದ್ದರೆ ಇಳಿಸಬೇಕು. ಕಾಯಿಲೆ ಸೌಮ್ಯವಾಗಿದ್ದರೆ ಮಗ್ಗುಲ ಶಯನವೂ ತಕ್ಕ ದಿಂಬೂ ಸಾಕಾಗಬಹುದು. ತೀವ್ರವೆಂದು ಗೊತ್ತಾದ ಮೇಲೂ ಬಗೆಬಗೆಯ ದಿಂಬು ಬದಲಿಸುತ್ತ ಕಾಲ ಕಳೆಯದೆ ವೈದ್ಯರು ಹೇಳಿದ ಯಂತ್ರವನ್ನು ಹಾಕಿಕೊಳ್ಳಬೇಕು. ಉಪೋಸಥವಾಗಲಿ, ಅಷ್ಟಮಿ ಚತುರ್ದಶಿಯ ಉಪವಾಸವಾಗಲಿ, ಆ ರಾತ್ರಿಯೂ ಅದನ್ನು ತೆಗೆದಿಡಬಾರದು.