ಒಂದು ಕಡೆ ರೋಗ, ಇನ್ನೊಂದು ಕಡೆ ಮದ್ದು

ರಾಮನಗರ, ಕೋಲಾರದ ಕಡೆಯ ರೇಷ್ಮೆ ಬೆಳೆಗಾರರಿಗೆ ಸುಣ್ಣಕಟ್ಟು ರೋಗವನ್ನು ಪರಿಚಯಿಸಬೇಕಿಲ್ಲ. ಚಳಿ, ತೇವ ಹೆಚ್ಚಿದ ದಿನಗಳಲ್ಲಿ ಹುಳು ಮೇವು ಬಿಡುತ್ತದೆ, ಸತ್ತು ಸೆಟೆಯುತ್ತದೆ, ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ. ಅದಕ್ಕೆ ಕಾರಣ ಬ್ಯುವೇರಿಯಾ ಬ್ಯಾಸಿಯಾನಾ ಎಂಬ ಶಿಲೀಂಧ್ರ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಇದೇ ಶಿಲೀಂಧ್ರವನ್ನು ನೀರಿಗೆ ಬೆರೆಸಿ ಗಿಡಕ್ಕೆ ಸಿಂಪಡಿಸುತ್ತಾರೆ, ಕಾಫಿ ಕಾಯಿ ಕೊರೆಯುವ ಬೆರ್ರಿ ಬೋರರ್ ಸಾಯಲಿ ಎಂದು. ಹಿಪ್ಪುನೇರಳೆ ಬೆಳೆಯುವ ಕಡೆ ಇದನ್ನು ಬಳಸುವಾಗ ಎಚ್ಚರ ಬೇಕೆನ್ನುವುದು ಇದೇ ಕಾರಣಕ್ಕೆ. ಶಿಲೀಂಧ್ರ ಎರಡೂ ಕಡೆ ಒಂದೇ. ನಮ್ಮ ಲಾಭ ಮಾತ್ರ ಬೇರೆ ಬೇರೆ.

ಈ ರೋಗದ ಗುಟ್ಟು ತಿಳಿದದ್ದು ಹುಳುವನ್ನು ಉಳಿಸುವ ಪ್ರಯತ್ನದಲ್ಲಿ. ಇಟಲಿಯ ಅಗೊಸ್ಟಿನೊ ಬಾಸಿ ವರ್ಷಗಟ್ಟಲೆ ಪ್ರಯೋಗ ನಡೆಸಿ, ಇದು ಜೀವಿಯೊಂದರಿಂದ ಹರಡುವ ಸೋಂಕು ಎಂದು 1835ರಲ್ಲಿ ಪ್ರಕಟಿಸಿದ. ಶಿಲೀಂಧ್ರಕ್ಕೆ ಅವನ ಹೆಸರೇ ಬಂತು. ಆದರೆ ಹೀಗೆ ಉಳಿಸಿದ ಹುಳು ಗೂಡು ಕಟ್ಟಿದ ಮೇಲೆ ಏನಾಗುತ್ತದೆ? ನೂಲಿಗಾಗಿ ಒಳಗಿನ ಜೀವವನ್ನು ನಾವೇ ಬೇಯಿಸುತ್ತೇವೆ.

ಬೋರರ್ ರಾಗಿಕಾಳಿನಷ್ಟೇ ಇರುವ ಕಪ್ಪು ದುಂಬಿ. ಕಾಫಿಯಂತೆ ಅದರ ಮೂಲವೂ ಆಫ್ರಿಕಾ. ಭಾರತದಲ್ಲಿ ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಹೆಣ್ಣು ಕಾಯಿಯ ಹೊಕ್ಕುಳ ಬಳಿ ಕೊರೆದು ಒಳಹೊಕ್ಕು ಬೀಜದಲ್ಲೇ ಮೊಟ್ಟೆಯಿಡುತ್ತದೆ. ಶಿಲೀಂಧ್ರದ ಬೀಜಕಣ ಅದರ ಮೈಗೆ ಅಂಟಿ ಮೊಳೆಯುತ್ತದೆ, ಚರ್ಮ ಕರಗಿಸಿ ಒಳಗಿಳಿಯುತ್ತದೆ, ಅಲ್ಲೇ ಬೆಳೆಯುತ್ತದೆ. ಕೆಲವು ದಿನಗಳಲ್ಲಿ ದುಂಬಿ ಸಾಯುತ್ತದೆ. ಮೈಮೇಲೆ ಬಿಳಿ ಬೂಷ್ಟು ಮೂಡುತ್ತದೆ. ಇದನ್ನು ನಾವು ‘ಜೈವಿಕ ನಿಯಂತ್ರಣ’ ಎನ್ನುತ್ತೇವೆ. ಈ ಮಾತಿನಲ್ಲಿ ಕೊಲೆಯ ಸುಳಿವೇ ಇಲ್ಲ.

ಹಾಗೆಂದು ವಿಷವೂ ಶಿಲೀಂಧ್ರವೂ ಸಮ ಎನ್ನಲಾಗದು. ಬೋರರ್‌ಗೆ ಹಿಂದೆ ಎಂಡೋಸಲ್ಫಾನ್ ಹೊಡೆಯುತ್ತಿದ್ದರು. ಅದೇ ವಿಷವನ್ನು ಗೇರುತೋಟಗಳ ಮೇಲೆ ಸುರಿದ ಕಾಸರಗೋಡು, ದಕ್ಷಿಣ ಕನ್ನಡದ ಊರುಗಳಲ್ಲಿ ಜನ ಇಂದಿಗೂ ಬವಣೆ ಪಡುತ್ತಿದ್ದಾರೆ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಿತು. ಸಿಂಪಡಿಸುವ ಕೂಲಿಯಾಳಿನ ಮೈ, ತೋಟದ ಕೆಳಗಿನ ಹಳ್ಳದ ನೀರು, ಇವನ್ನು ನೆನೆದರೆ ಶಿಲೀಂಧ್ರವೇ ವಾಸಿ. ಆದರೆ ‘ವಾಸಿ’ ಎನ್ನುವುದು ಬೇರೆ, ‘ನಿರಪರಾಧಿ’ ಎನ್ನುವುದು ಬೇರೆ.

ಈ ಅಂತರವನ್ನು ಅಳೆಯಲು ಜೈನರ ವಿಂಗಡಣೆ ನನಗೆ ನೆರವಾಗುತ್ತದೆ. ಗೃಹಸ್ಥನ ಹಿಂಸೆ ನಾಲ್ಕು ಬಗೆ: ಬೇಕೆಂದೇ ಮಾಡುವ ಸಂಕಲ್ಪಿ, ಮನೆಗೆಲಸದಲ್ಲಾಗುವ ಆರಂಭಿ, ಜೀವನೋಪಾಯದಲ್ಲಾಗುವ ಉದ್ಯೋಗಿ, ರಕ್ಷಣೆಗಾಗಿ ಮಾಡುವ ವಿರೋಧಿ. ಬಿಡಲೇಬೇಕಾದದ್ದು ಮೊದಲನೆಯದು. ಉಳುವಾಗ ಎರೆಹುಳು ಸತ್ತರೆ ಅದು ಉದ್ಯೋಗಿ. ಬೆಳೆಗಾರ ತನ್ನ ಸಿಂಪಡಣೆಯನ್ನು ವಿರೋಧಿ ಎಂದಾನು. ಸಾಲ ತಲೆಮೇಲಿರುವವನ ಆ ಮಾತನ್ನು ತಳ್ಳಿಹಾಕಲಾರೆ. ಆದರೆ ಕೊಲ್ಲಲೆಂದೇ ಒಂದು ಜೀವಿಯನ್ನು ಸಾಕಿ ಬೆಳೆಸುವಲ್ಲಿ ಸಂಕಲ್ಪದ ಪಾಲೂ ಇದೆ. ‘ನಿಸರ್ಗವೇ ನೋಡಿಕೊಳ್ಳುತ್ತದೆ’ ಎಂದಾಗ ನಾವು ಆ ಪಾಲನ್ನು ನಿಸರ್ಗದ ಲೆಕ್ಕಕ್ಕೆ ಬರೆಯುತ್ತೇವೆ. ಶಿಲೀಂಧ್ರಕ್ಕೆ ಉದ್ದೇಶವಿಲ್ಲ, ಸಿಂಪಡಿಸುವ ಕೈಗೆ ಇದೆ.

ಇದು ಬರೀ ಪದಗಳ ಜಗಳವಲ್ಲ. ಬೋರರ್ ಮುಂದಿನ ಫಸಲಿನವರೆಗೆ ಬದುಕುವುದು ಕೊಯ್ಲಾದ ಮೇಲೆ ಗಿಡದಲ್ಲಿ, ನೆಲದಲ್ಲಿ ಉಳಿದ ಕಾಯಿಗಳಲ್ಲಿ. ಅವನ್ನು ಒಂದೂ ಬಿಡದೆ ಹೆಕ್ಕುವುದೇ ಮೊದಲ ಉಪಾಯ. ಹೆಕ್ಕಿದ ಹುಳುಕು ಕಾಯಿಯನ್ನು ಕುದಿನೀರಿಗೆ ಅದ್ದಬೇಕು, ಅಲ್ಲೂ ಸಾವಿದೆ. ಆದರೆ ಅದು ಆ ಕಾಯಿಯೊಳಗೇ ಮುಗಿಯುತ್ತದೆ. ನೂರಾರು ಜಾತಿಯ ಕೀಟಗಳಿಗೆ ತಗಲಬಲ್ಲ ಶಿಲೀಂಧ್ರಕ್ಕೆ ಅಂಥ ಎಲ್ಲೆಯಿಲ್ಲ. ಹೆಕ್ಕುವುದಕ್ಕೆ ಆಳು ಬೇಕು, ಕೂಲಿ ಬೇಕು. ಸಿಂಪಡಣೆಯನ್ನು ‘ನಿಸರ್ಗದ ಕೆಲಸ’ ಎಂದು ನಂಬಿದವರಿಗೆ ಆ ಖರ್ಚು ದಂಡ ಅನ್ನಿಸುತ್ತದೆ.

ಹೆಕ್ಕಿಯೂ ಬೋರರ್ ಉಳಿದರೆ ಶಿಲೀಂಧ್ರ ಬಳಸಬೇಕಾಗಬಹುದು. ಆಗ ಕೊಲ್ಲುತ್ತಿರುವವರು ನಾವೇ ಎಂದು ಒಪ್ಪಿಕೊಂಡರೆ, ಎಷ್ಟು ಸಿಂಪಡಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಪ್ರಶ್ನೆಯಾದರೂ ನಮ್ಮ ಬಳಿ ಉಳಿಯುತ್ತದೆ.