ಅನುಪಲಬ್ಧಿಯೂ ಅಭಾವವೂ

“ಕಾಣಲಿಲ್ಲ” ಎಂಬುದಕ್ಕೂ “ಇಲ್ಲ” ಎಂಬುದಕ್ಕೂ ಇರುವ ಅಂತರವನ್ನು ಲೋಕವು ಬಹುಮಟ್ಟಿಗೆ ಗಮನಿಸದು. ಪ್ರಾಚೀನ ದರ್ಶನಕಾರರಾದರೋ ಇದನ್ನು ಬಹಳವಾಗಿ ವಿಚಾರಿಸಿರುವರು. ಕುಮಾರಿಲಭಟ್ಟನ ಮತದ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಆರನೆಯ ಪ್ರಮಾಣವೆಂದು ಅಂಗೀಕರಿಸಿದರು; ಪ್ರಾಭಾಕರರು ಒಪ್ಪಲಿಲ್ಲ. ಅಂಗೀಕರಿಸಿದವರೂ ಒಂದು ನಿಯಮವನ್ನು ವಿಧಿಸಿದರು: ವಸ್ತುವು ಇದ್ದಿದ್ದರೆ ಕಂಡೇ ತೀರಬೇಕಾಗಿದ್ದಲ್ಲಿ ಮಾತ್ರವೇ ಕಾಣದಿರುವಿಕೆಯು ಅಭಾವಕ್ಕೆ ಪ್ರಮಾಣವಾಗುವುದು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆಯಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಹಾಗೆನ್ನಲಾಗದು.

ಈ ಸೂಕ್ಷ್ಮವು ಓಲೆಗರಿಗಳಲ್ಲಿಯೇ ಉಳಿಯತಕ್ಕುದೆಂದು ಎಣಿಸುವವರು ಮೋಟೆಬೆನ್ನೂರಿನ ಹೆದ್ದಾರಿಯ ಬದಿಗೆ ಬರಬೇಕು. ಗೇರುಗಳನ್ನು ತಾನೇ ಬದಲಿಸಿಕೊಳ್ಳುವ ಕಾರೊಂದು ಹಾವೇರಿಯಿಂದ ರಾಣೇಬೆನ್ನೂರಿಗೆ ಹೊರಟು ಅಲ್ಲಿ ತಡವರಿಸಿತೆಂದು ಭಾವಿಸೋಣ. ಎಚ್ಚರಿಕೆಯ ದೀಪ ಉರಿಯುವುದು. ಮಿಸ್ತ್ರಿಯು ಸ್ಕ್ಯಾನರನ್ನು ಜೋಡಿಸಲು ಪಿ 0727 ಎಂಬ ದೋಷಾಂಕ ಮೂಡುವುದು. ಇಂಜಿನ್ನಿನ ವೇಗವನ್ನು ತಿಳಿಸುವ ಸಂಜ್ಞೆಯು ಗೇರುಪೆಟ್ಟಿಗೆಯ ನಿಯಂತ್ರಕಕ್ಕೆ ತಲುಪುತ್ತಿಲ್ಲವೆಂಬುದಷ್ಟೇ ಅದರ ಅರ್ಥ. ಇಂಜಿನ್ನು ತಿರುಗುತ್ತಿಲ್ಲವೆಂದು ಅದು ಹೇಳದು. ತಿರುಗದಿದ್ದರೆ ಕಾರು ಅಲ್ಲಿಯವರೆಗೆ ಬರುವುದೆಂತು?

ಸಂಜ್ಞೆಯು ಹುಟ್ಟುವ ಬಗೆಯೂ ಮನನೀಯವಾದುದು. ಕ್ರ್ಯಾಂಕ್ ಶಾಫ್ಟಿನೊಡನೆ ಹಲ್ಲುಚಕ್ರವೊಂದು ತಿರುಗುವುದು. ಬಳಿಯಲ್ಲಿರುವ ಸೆನ್ಸಾರು ಹಲ್ಲುಗಳು ಹಾಯ್ದಂತೆಲ್ಲ ವಿದ್ಯುತ್ತಿನ ಮಿಡಿತಗಳನ್ನು ಕಳುಹುವುದು. ಅನೇಕ ವಾಹನಗಳಲ್ಲಿ 60 ಹಲ್ಲುಗಳಿಗೆ ಸಾಲುವ ಚಕ್ರದಲ್ಲಿ 58 ಹಲ್ಲುಗಳನ್ನು ಮಾತ್ರ ಇರಿಸಿ, ಎರಡರ ತೆರಪನ್ನು ಬೇಕೆಂದೇ ಬಿಟ್ಟಿರುವರು. ಶಾಫ್ಟಿನ ಸ್ಥಾನವನ್ನು ತಿಳಿಸುವುದು ಆ ತೆರಪೇ. ಇಲ್ಲಿ ಅಭಾವವು ಪ್ರಮಾಣಸಿದ್ಧ, ಏಕೆಂದರೆ ಅಕ್ಕಪಕ್ಕದ ಹಲ್ಲುಗಳು ಚೆನ್ನಾಗಿ ಕಾಣುತ್ತಿರುವುವು. ಸಂಜ್ಞೆಯೇ ಸಂಪೂರ್ಣವಾಗಿ ನಿಂತಾಗಲಾದರೋ ಸ್ಥಿತಿ ಬೇರೆ: ಸೆನ್ಸಾರು ಕೆಟ್ಟಿರಬಹುದು, ತಂತಿಯನ್ನು ಇಲಿ ಕಡಿದಿರಬಹುದು, ಕನೆಕ್ಟರು ಸಡಿಲಿರಬಹುದು, ನಿಯಂತ್ರಕವೇ ಕಿವುಡಾಗಿರಬಹುದು. ಎಲ್ಲಕ್ಕೂ ದೋಷಾಂಕ ಒಂದೇ.

“ಸೆನ್ಸಾರನ್ನೇ ಬದಲಿಸಿಬಿಟ್ಟರಾಯಿತು; ಹೊತ್ತು ಉಳಿಯುವುದು” ಎಂದು ಕೆಲವರು ಹೇಳುವರು. ಹೊತ್ತು ಉಳಿಯುವುದು ಮಿಸ್ತ್ರಿಗೆ. ಊಹೆ ತಪ್ಪಿದರೆ ಹಣ ಹೋಗುವುದು ಮಾಲಿಕನಿಗೆ. ಒಂದೇ ಸೆನ್ಸಾರಿನಿಂದ ಎರಡು ನಿಯಂತ್ರಕಗಳೂ ವೇಗವನ್ನರಿಯುವ ಕಾರಿನಲ್ಲಿ, ಇಂಜಿನ್ನಿನ ನಿಯಂತ್ರಕವು ವೇಗವನ್ನು ಸರಿಯಾಗಿ ತೋರಿಸುತ್ತಿದ್ದರೆ ಸೆನ್ಸಾರು ನಿರ್ದೋಷಿ. ಕೇಡು ನಡುವಣ ದಾರಿಯಲ್ಲಿದೆ. ಆದುದರಿಂದ ಬಲ್ಲವನು ಮೊದಲು ಈ ಅಂಕೆಯನ್ನು ನೋಡಿ, ಕನೆಕ್ಟರು ತಂತಿಗಳನ್ನು ಪರೀಕ್ಷಿಸಿ, ಆಮೇಲೆ ಸೆನ್ಸಾರಿಗೆ ಕೈಹಾಕುವನು. ದುರಸ್ತಿಯಾದ ಬಳಿಕ ದೋಷಾಂಕವನ್ನು ಅಳಿಸಿ, ಕಾರನ್ನು ಓಡಿಸಿ, ಅದು ಮರಳಿ ಬಾರದೆಂಬುದನ್ನು ಕಂಡೇ ಕೂಲಿಯನ್ನು ಪಡೆಯುವನು.

ಈ ಧರ್ಮವು ಮಿಸ್ತ್ರಿಯೊಬ್ಬನಿಗೇ ಮೀಸಲಾದುದಲ್ಲ. ಉತ್ತರ ಕೊಡದ ಬಾಲಕನನ್ನು ದಡ್ಡನೆಂದೂ, ಬಹುದಿನ ಸುದ್ದಿ ಕಳುಹದ ಮಗನನ್ನು ಕೃತಘ್ನನೆಂದೂ ನಿರ್ಣಯಿಸುವವರು ಕತ್ತಲೆಯಲ್ಲಿ ಗಡಿಗೆಯನ್ನು ಅರಸಿದವರೇ ಸರಿ. ಬಾಲಕನಿಗೆ ಪ್ರಶ್ನೆಯೇ ಕೇಳಿಸಿರಲಿಕ್ಕಿಲ್ಲ. ಮಗನು ಹಾಸಿಗೆ ಹಿಡಿದಿರಬಹುದು. ಮೌನವನ್ನು ಕಡೆಗಣಿಸುವುದೂ ತಪ್ಪು. ದೀಪ ಉರಿಯುತ್ತಿರಲು ಕಾರನ್ನೋಡಿಸುವವನು ನಡುದಾರಿಯಲ್ಲಿ ನಿಲ್ಲುವನು. ಮೌನವು ವಿಚಾರಣೆಗೆ ಕರೆಯುವುದು. ವಿಚಾರಿಸಿದವನಿಗೆ ಮಾತ್ರವೇ “ಇಲ್ಲ” ಎನ್ನುವ ಅಧಿಕಾರವುಂಟು.