ದತ್ತಕದ ನಡುಗಾಲ

ಒಂದು ದೇಶದ ನ್ಯಾಯಾಲಯ ದತ್ತು ಆದೇಶ ಹೊರಡಿಸಿದ ಮೇಲೂ, ಮಗು ಹೋಗಿ ಸೇರಬೇಕಾದ ದೇಶ ವೀಸಾ ಕೊಡಲು ತಡಮಾಡಿದಾಗ, ಇಲ್ಲವೆ ಹುಟ್ಟಿದ ದೇಶವೇ ಅದನ್ನು ಹೊರಗೆ ಬಿಡದೆ ಹೋದಾಗ, ಆ ಮಗು ಯಾರದೆಂಬ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಗಡಿಯ ಈಚೆಗೊಂದು, ಆಚೆಗೊಂದು ಆಗುತ್ತದೆ. ಒಂದು ಕಡತದಲ್ಲಿ ಅದು ಪರದೇಶದ ದಂಪತಿಯ ಸಂತಾನ. ಇನ್ನೊಂದರಲ್ಲಿ ವಿಚಾರಣೆ ಮುಗಿಯದ ಅರ್ಜಿ. ಈ ನಡುಗಾಲವನ್ನು ಆಡಳಿತದ ಜಡತೆಯೆಂದು ಕಾಣುವ ವಾಡಿಕೆಯಿದೆ, ಜಡತೆಯೆಂಬುದೂ ಸುಳ್ಳಲ್ಲ. ಆದರೆ ಧರ್ಮವಿಚಾರದ ದೃಷ್ಟಿಯಿಂದ ಇಲ್ಲಿ ಏಳುವ ಪ್ರಶ್ನೆ ಬೇರೆ. ತಂದೆತಾಯಿಯಾಗುವ ಹೊಣೆ, ತಂದೆತಾಯಿಯೆಂಬ ಹಕ್ಕು, ಇವೆರಡೂ ಒಂದೇ ಗಳಿಗೆಯಲ್ಲಿ ಹುಟ್ಟುತ್ತವೆಯೇ?

ಪ್ರಶ್ನೆ ಅತ್ಯಂತ ಕಟುವಾಗಿ ಎದುರಾದದ್ದು ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ. ಅಲ್ಲಿನ ವಲಸೆ ಇಲಾಖೆ 2013ರ ಸೆಪ್ಟೆಂಬರಿನಲ್ಲಿ ದತ್ತು ಮಕ್ಕಳಿಗೆ ನಿರ್ಗಮನ ಪರವಾನಗಿ, ಅಂದರೆ ದೇಶ ಬಿಟ್ಟು ಹೊರಡಲು ಬೇಕಾದ ಪತ್ರ, ಕೊಡುವುದನ್ನು ನಿಲ್ಲಿಸಿತು. ಹೊರದೇಶಗಳಲ್ಲಿ ಮಕ್ಕಳು ದೌರ್ಜನ್ಯಕ್ಕೆ ಈಡಾಗುತ್ತಿದ್ದಾರೆ, ದತ್ತು ಪಡೆದವರೇ ಅವರನ್ನು ಮತ್ತೊಬ್ಬರ ಕೈಗೆ ದಾಟಿಸುತ್ತಿದ್ದಾರೆ ಎಂಬ ಆತಂಕ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಸೇರಿತ್ತು. ನ್ಯಾಯಾಲಯದ ತೀರ್ಪು ಮುಗಿದಿದ್ದ ನೂರಾರು ಮಕ್ಕಳು, ವೀಸಾ ಕೂಡ ಕೈಸೇರಿದ್ದವರೂ ಸೇರಿದಂತೆ, ಅನಾಥಾಲಯಗಳಲ್ಲಿಯೂ ಸಾಕುಮನೆಗಳಲ್ಲಿಯೂ ಉಳಿದುಬಿಟ್ಟರು. ಕೆಲವು ಪೋಷಕರು ರಾಜಧಾನಿ ಕಿನ್ಶಾಸಾದಲ್ಲಿಯೇ ಮನೆಮಾಡಿ ಮಕ್ಕಳೊಡನೆ ಇದ್ದರು. ಹಲವರು ದೂರದಿಂದ ಖರ್ಚಿನ ಹಣ ಕಳಿಸುತ್ತಾ ಕಾದರು. ತಡೆ ಸಡಿಲಗೊಂಡದ್ದು 2015ರ ಕೊನೆಯಿಂದ 2016ರ ನಡುವೆ. ಎರಡು ವರ್ಷದ ಕೂಸಿಗೆ ಅದು ತನ್ನ ಆಯುಸ್ಸಿನಷ್ಟೇ ಉದ್ದದ ಕಾಲ.

ಇಂಥ ನಡುಗಾಲ ಏಕೆ ಹುಟ್ಟುತ್ತದೆ ಎಂಬುದಕ್ಕೆ ವ್ಯವಸ್ಥೆಯೊಳಗೇ ಕಾರಣವಿದೆ. ಅಂತರದೇಶೀಯ ದತ್ತು ಕುರಿತ 1993ರ ಹೇಗ್ ಒಪ್ಪಂದ, ಭಾರತವೂ 2003ರಲ್ಲಿ ಅಂಗೀಕರಿಸಿದ್ದು, ಮಗುವಿಗೆ ತನ್ನಲ್ಲಿ ಪ್ರವೇಶವೂ ಶಾಶ್ವತ ವಾಸವೂ ದೊರೆಯುತ್ತದೆಂದು ಪಡೆಯುವ ದೇಶ ದತ್ತು ನಡೆಯುವುದಕ್ಕೆ ಮೊದಲೇ ಖಚಿತಪಡಿಸಬೇಕೆಂದು ವಿಧಿಸುತ್ತದೆ. ಹೆತ್ತವರ ಸಮ್ಮತಿಯನ್ನು ಹಣದಿಂದ ಪಡೆದಿರಬಾರದು, ತಾಯಿಯ ಸಮ್ಮತಿ ಹೆರಿಗೆಯಾದ ಮೇಲಿನದೇ ಆಗಿರಬೇಕು ಎಂದೂ ಹೇಳುತ್ತದೆ. ಕಾಂಗೋ ಆಗ ಈ ಒಪ್ಪಂದದ ಹೊರಗಿತ್ತು. ಅಂಥ ಕಡೆ ನ್ಯಾಯಾಲಯದ ಆದೇಶ ಮೊದಲು ಬರುತ್ತದೆ, ಮಗು ನಿಜಕ್ಕೂ ಅನಾಥವೇ ಎಂದು ಪಡೆಯುವ ದೇಶದ ರಾಯಭಾರ ಕಚೇರಿ ನಡೆಸುವ ತನಿಖೆ ಆಮೇಲೆ. ಸಂಬಂಧ ಕಟ್ಟಿದ ಮೇಲೆ ಸಂದೇಹ ಪರಿಹರಿಸುವ ಈ ಕ್ರಮದಲ್ಲಿಯೇ ದೋಷವಿದೆ. ತಡವನ್ನಷ್ಟೇ ದೂರುವವರು ಇದನ್ನು ಗಮನಿಸುವುದು ಕಡಿಮೆ.

ಧರ್ಮಶಾಸ್ತ್ರಕಾರರಿಗೂ ಈ ಸಂದೇಹ ಅಪರಿಚಿತವಾಗಿರಲಿಲ್ಲ. ವಸಿಷ್ಠ ಧರ್ಮಸೂತ್ರದ ಹದಿನೈದನೆಯ ಅಧ್ಯಾಯ ದತ್ತಕನನ್ನು ಸ್ವೀಕರಿಸುವವನು ಬಂಧುಗಳನ್ನು ಕರೆಸಬೇಕು, ರಾಜನಿಗೆ ನಿವೇದಿಸಬೇಕು, ಮನೆಯ ನಡುವೆ ಹೋಮಮಾಡಿ ಮಗುವನ್ನು ಕೈಗೆತ್ತಿಕೊಳ್ಳಬೇಕು ಎನ್ನುತ್ತದೆ. ಪ್ರಭುತ್ವದ ಅರಿವಿಗೆ ಬಾರದ ದತ್ತು ಪೂರ್ಣವಲ್ಲವೆಂಬ ಭಾವನೆ ಅಷ್ಟು ಹಳೆಯದು. ಮುಂದಿನ ಸೂತ್ರ ಮಾತ್ರ ಮನಸ್ಸನ್ನು ಕಲಕುತ್ತದೆ: ಬಂಧುಗಳು ದೂರದಲ್ಲಿರುವ ಮಗುವಿನ ವಿಷಯದಲ್ಲಿ ಸಂದೇಹ ಬಂದರೆ ಅವನನ್ನು ಶೂದ್ರನಂತೆ ಬೇರೆಯಾಗಿ ಇರಿಸಬೇಕು ಎಂಬುದು ಅದರ ಆಶಯ. ವರ್ಣದ ಮೇಲುಕೀಳನ್ನೇ ಆಧಾರವಾಗಿಟ್ಟುಕೊಂಡ ಈ ವಿಧಿಯಲ್ಲಿ, ಮೂಲವನ್ನು ಅರಿಯದೆ ಕರೆತಂದ ದೊಡ್ಡವರ ತಪ್ಪಿಗೆ ದಂಡ ತೆರುವುದು ಮಗು. ವರ್ಣದ ಮಾತನ್ನು ತೆಗೆದುಹಾಕಿದರೆ ಉಳಿಯುವ ತರ್ಕ ಇಂದಿನದೇ: ದಾಖಲೆ ಅನುಮಾನಾಸ್ಪದ, ಆದ್ದರಿಂದ ಮಗು ಹೊರಗಿರಲಿ.

ಐತರೇಯ ಬ್ರಾಹ್ಮಣದ ಶುನಃಶೇಪನ ಕಥೆ ಇದಕ್ಕಿಂತ ಆಳಕ್ಕೆ ಹೋಗುತ್ತದೆ. ಹಸಿದ ಅಜೀಗರ್ತ ನೂರು ಹಸುಗಳಿಗೆ ನಡುವಿನ ಮಗ ಶುನಃಶೇಪನನ್ನು ಮಾರುತ್ತಾನೆ, ಯಜ್ಞದ ಬಲಿಗಂಬವಾದ ಯೂಪಕ್ಕೆ ಅವನನ್ನು ಕಟ್ಟಲು ಇನ್ನೂ ನೂರು, ಕೊಲ್ಲಲು ಮತ್ತೂ ನೂರು ಪಡೆಯಲು ಸಿದ್ಧನಾಗುತ್ತಾನೆ. ದೇವತೆಗಳು ಬಿಡಿಸಿದ ಮೇಲೆ ಬಾಲಕ ವಿಶ್ವಾಮಿತ್ರನ ತೊಡೆಯೇರುತ್ತಾನೆ. ತಂದೆ ಮರಳಿ ಕೇಳಿದಾಗ ಅವನು ಒಪ್ಪುವುದಿಲ್ಲ. ಆದರೆ ವಿಶ್ವಾಮಿತ್ರನ ಕರೆಗೂ ಅವನು ಕೂಡಲೇ ತಲೆಯಾಡಿಸುವುದಿಲ್ಲ, ಇದು ಮುಖ್ಯ: ಆಂಗಿರಸನಾದ ತಾನು ಬೇರೆ ಕುಲದ ಮಗನಾಗುವುದು ಹೇಗೆಂದು ಕೇಳುತ್ತಾನೆ, ವಿಶ್ವಾಮಿತ್ರನ ಮಕ್ಕಳು ತನ್ನನ್ನು ಒಪ್ಪಬೇಕೆನ್ನುತ್ತಾನೆ. ನೂರೊಂದು ಮಕ್ಕಳಲ್ಲಿ ಐವತ್ತು ಜನ ಒಪ್ಪುವುದಿಲ್ಲ. ಮಧುಚ್ಛಂದಸ್ಸು ಮತ್ತು ಉಳಿದವರು ಒಪ್ಪುತ್ತಾರೆ. ತೊಡೆಯೇರಿದ್ದಕ್ಕೂ ಕುಲ ಸೇರಿದ್ದಕ್ಕೂ ನಡುವೆ ಇಲ್ಲಿಯೂ ಒಂದು ಅಂತರವಿದೆ, ಆದರೆ ಆ ಅಂತರದಲ್ಲಿ ಮಾತಾಡುವವನು ಮಗು. ಕಿನ್ಶಾಸಾದ ಮಕ್ಕಳಿಗೆ ಈ ಅವಕಾಶ ಎಷ್ಟು ದೊರೆಯಿತು ಎಂದು ಕೇಳುವುದು ಅನ್ಯಾಯವೆನಿಸಬಹುದು, ಬಹುಪಾಲು ಎಳೆಯ ಕೂಸುಗಳು. ಆದರೂ ಪ್ರಶ್ನೆ ನಿಲ್ಲುತ್ತದೆ.

ಅಮೆರಿಕದ ಇವಾಂಜೆಲಿಕಲ್ ಚರ್ಚುಗಳಲ್ಲಿ, ಎಂದರೆ ಬೈಬಲ್ಲನ್ನೇ ಪರಮಪ್ರಮಾಣವೆಂದು ಒಪ್ಪುವ ಪ್ರಾಟೆಸ್ಟೆಂಟ್ ಸಭೆಗಳಲ್ಲಿ, ಈ ಶತಮಾನದ ಮೊದಲ ದಶಕದಿಂದ ಬಲಗೊಂಡ ದತ್ತು ಚಳವಳಿ ಸಂತ ಪೌಲನನ್ನು ಆಧರಿಸಿತು. ದೇವರು ಮನುಷ್ಯರನ್ನು ದತ್ತು ಪಡೆದಿದ್ದಾನೆ, ಆದ್ದರಿಂದ ವಿಶ್ವಾಸಿಗಳು ಅನಾಥರನ್ನು ಪಡೆಯಬೇಕು ಎಂಬುದು ಅದರ ವಾದ. ರೋಮನ್ನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿ ಪೌಲ ದತ್ತುತನ ಈಗಾಗಲೇ ದೊರೆತಿದೆಯೆಂದೂ ಹೇಳುತ್ತಾನೆ, ಅದಕ್ಕಾಗಿ ಇನ್ನೂ ನರಳುತ್ತಾ ಕಾಯುತ್ತಿದ್ದೇವೆಂದೂ ಹೇಳುತ್ತಾನೆ. ವೀಸಾಕ್ಕಾಗಿ ಕಾದವರು ಇದರಲ್ಲಿ ತಮ್ಮನ್ನು ಕಂಡುಕೊಂಡರೆ ಅಚ್ಚರಿಯಿಲ್ಲ. ಆದರೆ ಸಾದೃಶ್ಯ ಒಂದೆಡೆ ತಪ್ಪುತ್ತದೆ: ಪೌಲನಲ್ಲಿ ಕಾಯುವವರು ದತ್ತು ಹೋಗುವವರು, ಪಡೆಯುವವನಲ್ಲ. ಪೋಷಕರ ನೋವನ್ನೇ ನಡುವೆ ಇರಿಸಿದಾಗ ಅನಾಥನ ರಕ್ಷಕ ದೇವರ ಸ್ಥಾನದಲ್ಲಿ ನಿಲ್ಲುತ್ತಾನೆ, ಹೆತ್ತತಾಯಿ ಚಿತ್ರದಿಂದಲೇ ಮರೆಯಾಗುತ್ತಾಳೆ. ಇಸ್ಲಾಮಿನ ಕಫಾಲಾ ಪದ್ಧತಿ, ಎಂದರೆ ಮಗುವಿನ ವಂಶನಾಮವನ್ನು ಅಳಿಸದೆ ಅದನ್ನು ಸಾಕುವ ಹೊಣೆ, ಈ ಮರೆವಿಗೆ ಅವಕಾಶ ಕೊಡುವುದಿಲ್ಲ; 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ ಅದನ್ನೂ ಪೋಷಣೆಯ ಒಂದು ಕ್ರಮವೆಂದು ಹೆಸರಿಸಿದೆ.

ಹೊಣೆ ಮೊದಲು ಹುಟ್ಟುತ್ತದೆ, ಹಕ್ಕು ಆಮೇಲೆ ಎಂದು ಒಪ್ಪಿದರೆ ನಡುಗಾಲದ ನಡತೆ ತಿಳಿಯಾಗುತ್ತದೆ. ಮಾತು ಕೊಟ್ಟ ದಿನದಿಂದ ಮಗುವಿನ ಊಟ, ಔಷಧ, ಸುರಕ್ಷೆ ಪೋಷಕರ ಮೇಲೆ ಬೀಳುತ್ತವೆ, ತನಿಖೆ ತಮಗೆ ಪ್ರತಿಕೂಲವಾಗಿ ಮುಗಿಯಬಹುದೆಂದು ಗೊತ್ತಿದ್ದರೂ. ತನಿಖೆಯನ್ನು ತಪ್ಪಿಸುವ ಒತ್ತಡ, ಲಂಚ, ಮಗುವನ್ನು ಗುಟ್ಟಾಗಿ ಗಡಿ ದಾಟಿಸುವ ಯೋಚನೆ, ಇವು ಪ್ರೀತಿಯಿಂದಲೇ ಹುಟ್ಟಿದ್ದರೂ ಹಕ್ಕನ್ನು ಮುಂಚಿತವಾಗಿ ಕಸಿಯುವ ಕೃತ್ಯಗಳು. ಉಗಾಂಡಾದ ಒಂದು ಪ್ರಕರಣದಲ್ಲಿ ಎಲ್ಲ ಪತ್ರಗಳೂ ಮೇಲ್ನೋಟಕ್ಕೆ ಸರಿಯಿದ್ದು, ವೀಸಾವೂ ದೊರೆತು, ಬಾಲಕಿ ಅಮೆರಿಕ ಸೇರಿದ ಮೇಲೆ ಅವಳು ಇಂಗ್ಲಿಷ್ ಕಲಿತು ಮಾತಾಡತೊಡಗಿದಾಗ, ಓದಿಸುತ್ತೇವೆಂದು ನಂಬಿಸಿ ಅವಳನ್ನು ತಾಯಿಯಿಂದ ಪಡೆದದ್ದು ಹೊರಬಿತ್ತು. 2016ರಲ್ಲಿ ದತ್ತು ಪಡೆದಿದ್ದ ದಂಪತಿ ಅವಳನ್ನು ಮರಳಿ ತಾಯಿಯ ಬಳಿಗೆ ಕರೆದೊಯ್ದರು. ಅಲ್ಲಿ ವೀಸಾ ತಡವಾಗಿದ್ದರೆ ಒಳ್ಳೆಯದಿತ್ತು ಎನ್ನಬೇಕಾಗುತ್ತದೆ. ಆದರೆ ಕಾಂಗೋದಲ್ಲಿ ಒಂದೊಂದು ಕಡತವನ್ನೂ ಬಿಡಿಯಾಗಿ ಪರಿಶೀಲಿಸುವ ಬದಲು ಎಲ್ಲವನ್ನೂ ಒಟ್ಟಿಗೆ ತಡೆದದ್ದಕ್ಕೆ ಈ ಸಮರ್ಥನೆ ಸಲ್ಲದು.